ಕೆಸರಿನಲ್ಲಿ ಹೂತ ಪಿಕಪ್ಪಿಗೆ ಎಂಥ ವಿಂಚ್?



ಎತ್ತಿನ ಗಾಡಿಯ ಕಾಲ ಮುಗಿದು, ಗೊಬ್ಬರ, ಸುಣ್ಣ, ಮೈಲುತುತ್ತ, ಮದ್ದಿನ ಪಂಪು, ಅಡಿಕೆ ಗೊನೆ, ಕಾಫಿ ಚೀಲ ಎಲ್ಲವೂ ಪಿಕಪ್ ವಾಹನದಲ್ಲೇ ಸಾಗುವಂತಾಗಿದೆ. ಇದರಿಂದ ಅನುಕೂಲವೇ ಆಗಿದೆ. ಆದರೆ ಗಾಡಿ ಹೂತರೆ ನಾಲ್ಕು ಜನ ಹೆಗಲು ಕೊಟ್ಟು ಎತ್ತುತ್ತಿದ್ದರು; ಹೊರೆ ತುಂಬಿದ ಪಿಕಪ್ ಹೂತರೆ ಹತ್ತು ಜನರ ಹೆಗಲೂ ಸಾಲದು. ಮೊದಲ ಮಳೆಗೆ ಮುನ್ನ ಬೋರ್ಡೋ ಸಿಂಪಡಣೆ ಮುಗಿಸಬೇಕು, ನಲವತ್ತು-ನಲವತ್ತೈದು ದಿನಕ್ಕೆ ಎರಡನೆಯ ಬಾರಿ ಹೊಡೆಯಬೇಕು. ಆ ಎರಡನೆಯ ಸುತ್ತು ಬರುವುದು ಆಷಾಢದ ನಡು ಮಳೆಯಲ್ಲಿ. ಆಗ ವಾಹನ ತೋಟದ ನಡುವೆ ಎರಡು ದಿನ ನಿಂತರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ.

ಆದುದರಿಂದ, “ಪಿಕಪ್ಪಿಗೆ ಒಂದು ವಿಂಚ್ ಹಾಕಿಸಿದರೆ ಹೇಗೆ? ಎಷ್ಟು ಟನ್ನಿನದು ಬೇಕು?” ಎಂದು ಬಸ್ರೂರು ಸುತ್ತಿನ ಸದಸ್ಯರೂ ಘಟ್ಟದ ಮೇಲಿನ ಕಾಫಿ ಬೆಳೆಗಾರರೂ ಸಂಘದ ಕಚೇರಿಯಲ್ಲಿ ಕೇಳುತ್ತಿದ್ದಾರೆ. ಸಾಕಷ್ಟು ಹಣದ ಬಾಬ್ತು. ಅದಕ್ಕಿಂತ ಮುಖ್ಯವಾಗಿ, ತಪ್ಪಾಗಿ ಬಳಸಿದರೆ ಪ್ರಾಣದ ಬಾಬ್ತು. ಅದಕ್ಕಾಗಿ ತುಸು ವಿವರವಾಗಿ ಬರೆಯುತ್ತಿದ್ದೇನೆ. ಎಷ್ಟು ಟನ್ನಿನ ವಿಂಚ್ ಎಂದು ಕೇಳುವ ಮೊದಲು, ಎಷ್ಟು ಎಳೆಯಬೇಕು ಎಂದು ಲೆಕ್ಕ ಹಾಕಬೇಕು ಎಂಬುದೇ ಈ ಲೇಖನದ ಸಾರ.

ಎಳೆಯಬೇಕಾದ ಭಾರದ ಲೆಕ್ಕ

ನಾವು ಬಳಸುವ ದೊಡ್ಡ ಪಿಕಪ್ಪುಗಳು ಹೊರೆ ಸಹಿತ ಸುಮಾರು 3,500 ಕಿಲೋ ತೂಗುತ್ತವೆ. ಹೊರೆ ಇಳಿಸಿದರೆ ಸುಮಾರು 2,000 ಕಿಲೋ ಎಂದಿಟ್ಟುಕೊಳ್ಳೋಣ. ಕೆಸರಿನಿಂದ ಇದನ್ನು ಎಳೆಯಲು ಬೇಕಾಗುವ ಬಲಕ್ಕೆ ಸೇನೆಗಳ ವಾಹನ ವಿಭಾಗಗಳು ಬಹುಕಾಲದಿಂದ ಬಳಸುವ ಒಂದು ಅಂದಾಜು ಇದೆ. ಹುಲ್ಲು ನೆಲದಲ್ಲಿ ತೂಕದ ಏಳನೆಯ ಒಂದು ಪಾಲು, ಮೆದು ಮರಳಿನಲ್ಲಿ ನಾಲ್ಕನೆಯ ಒಂದು, ತೆಳು ಕೆಸರಿನಲ್ಲಿ ಮೂರನೆಯ ಒಂದು, ಜಿಗುಟು ಜೇಡಿಯಲ್ಲಿ ಅರ್ಧ. ಚಕ್ರದಷ್ಟು ಆಳಕ್ಕೆ ಹೂತಿದ್ದರೆ ವಾಹನದ ಪೂರ್ತಿ ತೂಕದಷ್ಟು, ಮಡ್‌ಗಾರ್ಡ್ ಮುಟ್ಟುವಷ್ಟು ಹೂತಿದ್ದರೆ ತೂಕದ ಎರಡರಷ್ಟು ಬಲ ಬೇಕು. ಏರಿನಲ್ಲಿದ್ದರೆ ಪ್ರತಿ ಡಿಗ್ರಿ ಏರಿಗೆ ತೂಕದ ಅರವತ್ತನೆಯ ಒಂದು ಪಾಲು ಇದಕ್ಕೆ ಸೇರುತ್ತದೆ.

ಒಂದು ಉದಾಹರಣೆ. ಹದಿನೈದು ಡಿಗ್ರಿ ಏರಿನಲ್ಲಿ ಚಕ್ರದಷ್ಟು ಹೂತ ಪಿಕಪ್, ಹೊರೆ ಸಹಿತ: 3,500 ಕಿಲೋಗೆ ಏರಿನ 875 ಸೇರಿ 4,375 ಕಿಲೋ. ಹೊರೆ ಇಳಿಸಿದರೆ: 2,000ಕ್ಕೆ 500 ಸೇರಿ 2,500 ಕಿಲೋ. ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ಬಿಡಿಸಿ, ಅಡಿಕೆ ದಬ್ಬೆ ಹಾಸಿ, ತೆಳು ಕೆಸರಿನ ಸ್ಥಿತಿಗೆ ತಂದರೆ: 667ಕ್ಕೆ 500 ಸೇರಿ 1,167 ಕಿಲೋ. (ಹಾಳೆ ಹಾಸಬೇಡಿ, ಜಾರುತ್ತದೆ.)

ವಾಹನ ಅದೇ, ಗುಂಡಿಯೂ ಅದೇ. ಹೊರೆ ಇಳಿಸಿ ಅರ್ಧ ಗಂಟೆ ಮಣ್ಣು ತೆಗೆದ ಮಾತ್ರಕ್ಕೆ ನಾಲ್ಕು ಟನ್ ಮೀರಿದ ಕೆಲಸ ಒಂದು ಟನ್ ಚಿಲ್ಲರೆಗೆ ಇಳಿಯಿತು. ವಿಂಚಿನ ಅಂಗಡಿಯವರು ಈ ಲೆಕ್ಕ ಹೇಳುವುದಿಲ್ಲ. ನಮ್ಮ ಆಳುಗಳಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ವಿಷಯ ಗೊತ್ತಿದೆ.

ಮೋಟಾರು ವಿಂಚ್

ವಾಹನದ ಮುಂದೆ ಕೂರಿಸಿ, ಬ್ಯಾಟರಿಯಿಂದ ನಡೆಯುವ ವಿಂಚ್ ಇದು. ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯ ಇರಬೇಕೆಂಬುದು ರೂಢಿಯ ನಿಯಮ. 3,500 ಕಿಲೋಗೆ 5,250 ಕಿಲೋ. ಈ ವಿಂಚುಗಳ ಮೇಲೆ ಅಂಕಿ ಪೌಂಡಿನಲ್ಲಿರುತ್ತದೆ. 12,000 ಪೌಂಡ್ ಎಂದರೆ 5,443 ಕಿಲೋ. ದೊಡ್ಡ ಪಿಕಪ್ಪಿಗೆ ಇದಕ್ಕಿಂತ ಚಿಕ್ಕದು ಸಾಲದು.

ಆದರೆ ಈ ಅಂಕಿಯಲ್ಲಿ ಒಂದು ಸೂಕ್ಷ್ಮವಿದೆ. ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಿರುವಾಗ ಮಾತ್ರ ಅಷ್ಟು ಎಳೆತ ಸಿಗುತ್ತದೆ. ಮೇಲೆ ಏರುವ ಪ್ರತಿ ಪದರಕ್ಕೂ ನೂರಕ್ಕೆ ಹತ್ತು-ಹದಿನೈದರಷ್ಟು ಕಳೆಯುತ್ತದೆ. ನಾಲ್ಕನೆಯ ಪದರದಲ್ಲಿ ಉಳಿಯುವುದು ಹೆಚ್ಚುಕಡಿಮೆ ಮೂರನೆಯ ಎರಡು ಪಾಲು, ಎಂದರೆ 3,600 ಕಿಲೋ. ಹತ್ತಿರದ ಮರಕ್ಕೆ ಕಟ್ಟಿ ಸ್ವಲ್ಪವೇ ಹಗ್ಗ ಬಿಟ್ಟಾಗ ವಿಂಚ್ ಅತಿ ದುರ್ಬಲವಾಗಿರುತ್ತದೆ.

ಎರಡನೆಯದು ವಿದ್ಯುತ್ತು. ಪೂರ್ತಿ ಭಾರದಲ್ಲಿ 12 ವೋಲ್ಟಿನ ಇಂಥ ಮೋಟಾರು 400 ಆಂಪಿಯರ್ ಆಸುಪಾಸಿನಲ್ಲಿ ಎಳೆಯುತ್ತದೆ. ವಾಹನದ ಆಲ್ಟರ್ನೇಟರ್ ಕೊಡುವುದು ಇದರ ನಾಲ್ಕನೆಯ ಒಂದು ಪಾಲಿಗೂ ಕಡಿಮೆ. ಮಿಕ್ಕದ್ದೆಲ್ಲ ಬ್ಯಾಟರಿಯಿಂದ ಹೋಗಬೇಕು. ಆದುದರಿಂದ ಇಂಜಿನ್ ಚಾಲೂ ಇಟ್ಟು, ಒಂದು ನಿಮಿಷ ಎಳೆದು, ಕೆಲವು ನಿಮಿಷ ಬಿಡುವು ಕೊಡಬೇಕು. ಹೊಳೆ ದಾಟುವಾಗ ಇಂಜಿನ್ನಿಗೆ ನೀರು ಹೊಕ್ಕು ನಿಂತರೆ, ವಿಂಚೂ ಬಹಳ ಹೊತ್ತು ನಡೆಯದು.

ಮೂರನೆಯದು ದಿಕ್ಕು. ಮುಂದೆ ಕೂರಿಸಿದ ವಿಂಚ್ ಮುಂದಕ್ಕೆ ಮಾತ್ರ ಎಳೆಯುತ್ತದೆ. ಇಳಿಜಾರಿನಲ್ಲಿ ಇಳಿದು ಬೈಲಿನಲ್ಲಿ ಹೂತ ವಾಹನವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕಾಗುವುದೇ ನಮ್ಮಲ್ಲಿ ಹೆಚ್ಚು.

ನಾಲ್ಕನೆಯದು ಕಾನೂನು. ವಿಂಚ್ ಕೂರಿಸಲು ಮುಂಭಾಗದ ಬಂಪರ್ ತೆಗೆದು ಕಬ್ಬಿಣದ ಗಾರ್ಡ್ ಹಾಕುವ ವಾಡಿಕೆಯಿದೆ. ಇಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ಮಾತನ್ನೇ ಎತ್ತಿಹಿಡಿದಿದೆ. ಹಣ ಕೊಡುವ ಮೊದಲು ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯತಕ್ಕದ್ದು. ಅಪಘಾತವಾದ ಮೇಲೆ ಬಾಯಿಮಾತು ನಿಲ್ಲದು.

ಇಷ್ಟಾದರೂ, ದಿನವೂ ಘಟ್ಟದ ದಾರಿಯಲ್ಲಿ ಒಂಟಿಯಾಗಿ ಓಡಾಡುವವರಿಗೆ, ನಾಲ್ಕೂ ಚಕ್ರ ಎಳೆಯುವ ವಾಹನ ಇರುವವರಿಗೆ ಮೋಟಾರು ವಿಂಚ್ ಉಪಯುಕ್ತವೇ. ಅಂಥವರು ‘ಐಪಿ 67’ ಗುರುತಿನದನ್ನೇ ಕೊಳ್ಳಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೊಗುವುದಿಲ್ಲ ಎಂದು ಅದರ ಅರ್ಥ. ಹುಲಿಕಲ್, ಆಗುಂಬೆಯ ಮಳೆಗೆ ಅದಕ್ಕಿಂತ ಕಡಿಮೆಯದು ಬಾಳದು.

ಕೈ ವಿಂಚ್

ವಿದ್ಯುತ್ ಮಂಡಳಿಯ ಲೈನ್‌ಮನ್ನರ ಬಳಿ ‘ಟಿರ್ಫಾರ್’ ಎಂಬುದನ್ನು ನೀವು ನೋಡಿರಬಹುದು. ಉಕ್ಕಿನ ಹಗ್ಗ ಪೆಟ್ಟಿಗೆಯಂಥ ಯಂತ್ರದ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತದೆ. ಒಳಗೆ ಎರಡು ಜೊತೆ ದವಡೆಗಳಿವೆ. ಹಿಡಿಯನ್ನು ಹಿಂದೆ ಮುಂದೆ ಆಡಿಸಿದಂತೆ ಒಂದು ಜೊತೆ ಹಗ್ಗವನ್ನು ಕಚ್ಚಿ ಎಳೆಯುತ್ತದೆ, ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಡ್ರಮ್ಮೇ ಇಲ್ಲವಾದ್ದರಿಂದ ಪದರದ ನಷ್ಟವಿಲ್ಲ. ಹಗ್ಗ ಎಷ್ಟು ಉದ್ದವಿದ್ದರೂ ಎಳೆತ ಒಂದೇ. ಬ್ಯಾಟರಿ ಬೇಡ, ಬಂಪರ್ ಕೊರೆಯುವುದು ಬೇಡ. ಹಿಂದೆ, ಮುಂದೆ, ಬದಿಗೆ ಎತ್ತಲಾದರೂ ಎಳೆಯಬಹುದು. ಭಾರ ಮೀರಿದರೆ ಹಿಡಿಯಲ್ಲಿರುವ ಸಣ್ಣ ಪಿನ್ನು ಮೊದಲು ಮುರಿದು ಎಚ್ಚರಿಸುತ್ತದೆ.

ಇದು 0.8, 1.6 ಮತ್ತು 3.2 ಟನ್ ಅಳತೆಗಳಲ್ಲಿ ಸಿಗುತ್ತದೆ. ನಮ್ಮ ಕೆಲಸಕ್ಕೆ 1.6 ಟನ್ನಿನದು ಮತ್ತು ಒಂದು ಒಳ್ಳೆಯ ಕಪ್ಪಿ ಸಾಕು. ಯಂತ್ರವನ್ನು ಒಂದು ಮರಕ್ಕೆ ಕಟ್ಟಿ, ಹಗ್ಗವನ್ನು ವಾಹನಕ್ಕೆ ಸಿಕ್ಕಿಸಿದ ಕಪ್ಪಿಯ ಮೂಲಕ ತಂದು ಇನ್ನೊಂದು ಮರಕ್ಕೆ ಬಿಗಿದರೆ, ವಾಹನಕ್ಕೆ ಬೀಳುವ ಎಳೆತ ಇಮ್ಮಡಿ. ಕಪ್ಪಿಯ ತಿಕ್ಕಾಟಕ್ಕೆ ಕಳೆದರೂ ಸುಮಾರು 2.9 ಟನ್ ಕೈಗೆ ಸಿಗುತ್ತದೆ. ಮೇಲೆ ಹೇಳಿದ 2,500 ಕಿಲೋದ ಕೆಲಸವೂ ಇದರಲ್ಲಿ ಆಗುತ್ತದೆ. ಒಂದೊಂದು ಮರದ ಮೇಲೆ ಬೀಳುವ ಭಾರವಾದರೋ ಅರ್ಧ ಮಾತ್ರ. ಮೋಟಾರು ವಿಂಚಿನ ಹಗ್ಗವನ್ನು ಮರದ ಕಪ್ಪಿಗೆ ಹಾಕಿ ಮರಳಿ ವಾಹನಕ್ಕೆ ತಂದರೆ, ಇಮ್ಮಡಿ ಭಾರ ಪೂರ್ತಿಯಾಗಿ ಆ ಒಂದೇ ಮರದ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಿ.

ಇದರ ಕೊರತೆ ನಿಧಾನ. ಹಿಡಿಯನ್ನು ಒಮ್ಮೆ ಆಡಿಸಿದರೆ ಹಗ್ಗ ಸರಿಯುವುದು ಐದಾರು ಸೆಂಟಿಮೀಟರ್. ಕಪ್ಪಿ ಹಾಕಿದರೆ ಅದರ ಅರ್ಧ. ಐದು ಮೀಟರ್ ಎಳೆಯಲು ನೂರೆಪ್ಪತ್ತು ಸಲವಾದರೂ ಆಡಿಸಬೇಕು. ಇಬ್ಬರು ಸರದಿಯಲ್ಲಿ ಮಾಡುವ ಕೆಲಸ. ಹಗ್ಗವೂ ಅದಕ್ಕೆಂದೇ ಮಾಡಿದ್ದಾಗಬೇಕು. ಪೇಟೆಯಲ್ಲಿ ಸಿಕ್ಕ ಬೇರೆ ಉಕ್ಕಿನ ಹಗ್ಗ ಹಾಕಿದರೆ ದವಡೆ ಕಚ್ಚದೆ ಜಾರೀತು.

ಕೈಬಲದ ಯಂತ್ರವೆಂದು ಹಗುರವಾಗಿ ಕಾಣಬೇಡಿ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ 1988ರ ಜುಲೈ 8ರಂದು ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದಾಗ, ಬೋಗಿಗಳನ್ನು ಎತ್ತಲು ನೆರವಾದವರು ಮಲಬಾರಿನ ಮಾಪಿಳ್ಳ ಖಲಾಸಿಗಳು. ಅವರ ಸಲಕರಣೆಯೆಂದರೆ ಹಗ್ಗ, ಕಪ್ಪಿ ಮತ್ತು ಜನ ತಿರುಗಿಸುವ ವಿಂಚ್.

ಗಂಗೊಳ್ಳಿ, ಮಲ್ಪೆಯಲ್ಲಿ ಬೋಟಿನ ಹಳೆಯ ವಿಂಚ್ ಅಗ್ಗಕ್ಕೆ ಸಿಗುತ್ತದೆಂದು ಕೆಲವರು ವಿಚಾರಿಸಿದ್ದಾರೆ. ಅದು ಬೋಟಿನ ಇಂಜಿನ್ನಿನಿಂದ ಶಕ್ತಿ ಪಡೆದು ಬಲೆ ಎಳೆಯಲು ಮಾಡಿದ್ದು. ಪಿಕಪ್ಪಿಗೆ ಹೊಂದಿಸುವ ಸಾಹಸ ಬೇಡ.

ಯಾವುದಕ್ಕೆ ಕಟ್ಟಬೇಕು?

ಅಡಿಕೆ ಮರಕ್ಕೆ ಎಂದೂ ಕಟ್ಟಬೇಡಿ. ಅದರ ಬೇರು ನೆಲದ ಮೇಲ್ಪದರದಲ್ಲೇ ಹರಡಿರುವ ನಾರುಬೇರು. ಮಳೆಗಾಲದಲ್ಲಿ ಬುಡ ಸಹಿತ ವಾಲಿ ವಾಹನದ ಮೇಲೆಯೇ ಬಿದ್ದೀತು. ಕಾಫಿ ತೋಟದ ಸಿಲ್ವರ್ ಓಕನ್ನೂ ನಂಬಲಾಗದು. ಬಲಿತ ಹಲಸು, ಮಾವು, ಹಾಡಿಯ ದಪ್ಪ ಕಾಡುಮರ ಒಳ್ಳೆಯದು. ಮರಕ್ಕೆ ಉಕ್ಕಿನ ಹಗ್ಗವನ್ನೇ ಸುತ್ತದೆ, ಮೂರು ಇಂಚು ಅಗಲದ ಪಟ್ಟಿಯನ್ನು ಬುಡದ ಹತ್ತಿರ ಸುತ್ತಿದರೆ ತೊಗಟೆಯೂ ಉಳಿಯುತ್ತದೆ, ಮರವೂ ಅಲುಗದು.

ಮರವೇ ಇಲ್ಲದ ಬೈಲಿನಲ್ಲಿ ಲಂಗರು ಹೂಳಬೇಕು. ಎಳೆಯುವ ದಿಕ್ಕಿಗೆ ಅಡ್ಡವಾಗಿ ಒಂದು ಮೀಟರ್ ಆಳದ ಚರಂಡಿ ತೋಡಿ, ದಪ್ಪ ದಿಮ್ಮಿಯ ನಡುವಿಗೆ ಪಟ್ಟಿ ಕಟ್ಟಿ, ಅದರಲ್ಲಿ ಮಲಗಿಸಿ ಮಣ್ಣು ಮುಚ್ಚಿ ತುಳಿಯಿರಿ. ಪಟ್ಟಿ ಹೊರಬರಲು ಮುಂದಿನ ಗೋಡೆಯಲ್ಲಿ ಓರೆಯಾಗಿ ಕಾಲುವೆ ಕಡಿಯಬೇಕು.

ಹಗ್ಗ ಮತ್ತು ಪ್ರಾಣ

ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಅಡ್ಡ ಸಿಕ್ಕಿದ ಕಾಲು ಉಳಿಯುವುದು ಕಷ್ಟ. ನಮ್ಮಲ್ಲಿ ವಾಹನ ಹೂತರೆ ನೋಡಲು ಮಕ್ಕಳಾದಿಯಾಗಿ ಊರೇ ನೆರೆಯುತ್ತದೆ, ರಾಂಪಣಿ ಬಲೆ ಎಳೆಯುವಂತೆ ಎಲ್ಲರೂ ಹಗ್ಗಕ್ಕೆ ಕೈ ಹಾಕುತ್ತಾರೆ. ಇದನ್ನು ಕಟ್ಟುನಿಟ್ಟಾಗಿ ತಡೆಯಬೇಕು. ಈ ಕೆಳಗಿನವನ್ನು ವಾಹನದಲ್ಲಿ ಬರೆದಿಡಿ:

1. ಬಿಡಿಸಿದ ಹಗ್ಗದ ಒಂದೂವರೆ ಪಟ್ಟು ದೂರದ ಒಳಗೆ, ಕೆಲಸ ಮಾಡುವವರ ಹೊರತು ಯಾರೂ ಇರಬಾರದು. ಬಿಗಿದ ಹಗ್ಗವನ್ನು ಯಾರೂ ದಾಟಬಾರದು.

2. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ತುಂಡಾದರೆ ಅದು ಬೀಸನ್ನು ನೆಲಕ್ಕೆ ತಗ್ಗಿಸುತ್ತದೆ.

3. ತೊಗಲಿನ ಕೈಚೀಲವಿಲ್ಲದೆ ಉಕ್ಕಿನ ಹಗ್ಗ ಮುಟ್ಟಬೇಡಿ. ಎಳೆ ಕಿತ್ತ, ಗಂಟು ಮುರಿದ ಹಗ್ಗವನ್ನು ಬಿಸಾಡಿ.

4. ಡ್ರಮ್ಮಿನ ವಿಂಚಿನಲ್ಲಿ ಉಕ್ಕಿನ ಹಗ್ಗದ ಕೊನೆಯ ಐದು ಸುತ್ತುಗಳನ್ನು ಎಂದೂ ಬಿಡಿಸಬೇಡಿ. ನೂಲಿನ ಹಗ್ಗವಾದರೆ ಎಂಟು-ಹತ್ತು.

5. ಕೊಂಡಿಗಳ ಮೇಲೆ ಸಾಮರ್ಥ್ಯ ಅಚ್ಚಾಗಿರಬೇಕು. ಮುಕ್ಕಾಲು ಇಂಚಿನ ಒಳ್ಳೆಯ ಶಾಕಲ್ 4.75 ಟನ್ನಿಗೆ ಸಾಲುತ್ತದೆ, ಅಂಕಿಯಿಲ್ಲದ್ದನ್ನು ಮುಟ್ಟಬೇಡಿ.

6. ಎಳೆಯುವ ವಿಂಚ್ ಎತ್ತುವ ವಿಂಚಲ್ಲ. ಮೋಟಾರು ವಿಂಚಿನಿಂದ ಬಾವಿಗೆ ಜನರನ್ನು ಇಳಿಸುವುದು ಸಲ್ಲದು.

ಈಚೆಗೆ ಬಂದಿರುವ ಕೃತಕ ನೂಲಿನ ಹಗ್ಗ ಹಗುರ, ತುಂಡಾದರೂ ಉಕ್ಕಿನಷ್ಟು ಬೀಸುವುದಿಲ್ಲ. ಆದರೆ ಬಿಸಿಲಿಗೆ ಸವೆಯುತ್ತದೆ, ಮರಳು ಹೊಕ್ಕರೆ ಒಳಗಿಂದ ಕೊಯ್ಯುತ್ತದೆ, ಮುರಕಲ್ಲಿನ ಅಂಚಿಗೆ ತಾಗಿದರೆ ಹರಿಯುತ್ತದೆ. ತೊಳೆದು, ನೆರಳಿನಲ್ಲಿ ಒಣಗಿಸಿ ಇಡುವವರಿಗೆ ಮಾತ್ರ ಅದು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಉಕ್ಕಿನದೂ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಬಿಡಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಸುತ್ತಬೇಕು. ಮಳೆಗಾಲಕ್ಕೆಂದು ತಂದು ವರ್ಷವಿಡೀ ಮುಟ್ಟದ ವಿಂಚ್, ಬೇಕಾದ ದಿನವೇ ಕೈ ಕೊಡುತ್ತದೆ.

ಒಟ್ಟಿನಲ್ಲಿ

ಸಣ್ಣ ಬೆಳೆಗಾರನ ವಾಹನ ವರ್ಷಕ್ಕೆ ನಾಲ್ಕಾರು ಬಾರಿ ಹೂತೀತು. ಅಷ್ಟಕ್ಕಾಗಿ ಪ್ರತಿಯೊಬ್ಬರೂ 12,000 ಪೌಂಡಿನ ಮೋಟಾರು ವಿಂಚ್ ಹೊತ್ತು ತಿರುಗುವುದು ದುಂದು. ಗುದ್ದಲಿ, ನಾಲ್ಕು ದಬ್ಬೆ, ಒಂದು ಜಾಕಿ ಪ್ರತಿ ವಾಹನದಲ್ಲಿರಲಿ. 1.6 ಟನ್ನಿನ ಕೈ ವಿಂಚ್, 20 ಮೀಟರ್ ಹಗ್ಗ, ಒಂದು ಕಪ್ಪಿ, ಎರಡು ಮರದ ಪಟ್ಟಿ, ನಾಲ್ಕು ಶಾಕಲ್, ಇಷ್ಟನ್ನು ಐದಾರು ಮನೆಯವರು ಕೂಡಿ ಕೊಂಡು, ಜವಾಬ್ದಾರಿಯುಳ್ಳ ಒಬ್ಬರ ಮನೆಯಲ್ಲಿಟ್ಟರೆ ಸಾಕು. ಮದ್ದಿನ ಪಂಪನ್ನು ಸರದಿಯಲ್ಲಿ ಬಳಸುವ ನಮಗೆ ಇದು ಹೊಸ ಪಾಠವಲ್ಲ.

ಹೀಗೆ ಕೂಡಿ ಕೊಳ್ಳಲು ಇಚ್ಛಿಸುವ ಸದಸ್ಯರು ತಮ್ಮ ಗುಂಪಿನ ಹೆಸರುಗಳನ್ನು ಬೇಸಗೆ ಮುಗಿಯುವುದರೊಳಗೆ ಕಚೇರಿಗೆ ತಿಳಿಸಬೇಕಾಗಿ ಕೋರಿಕೆ. ಹತ್ತು ಗುಂಪುಗಳಾದರೆ ಒಟ್ಟಿಗೆ ದರ ಕೇಳಲು ಅನುಕೂಲ. ಬಳಕೆಯ ಪ್ರಾತ್ಯಕ್ಷಿಕೆಯನ್ನೂ ಅಂದೇ ಏರ್ಪಡಿಸಬಹುದು. ಪ್ರಾತ್ಯಕ್ಷಿಕೆಗೆ ಮನೆಯ ಯಜಮಾನರಷ್ಟೇ ಬರದೆ, ವಾಹನ ನಡೆಸುವವರನ್ನೂ ತೋಟದ ಆಳುಗಳನ್ನೂ ಕರೆತನ್ನಿ. ಮಳೆಯಲ್ಲಿ ಹಗ್ಗದ ಬಳಿ ನಿಲ್ಲುವವರು ಅವರೇ.

— ಕಾರ್ಯದರ್ಶಿ