ಮೆದು ಜುಂಕಸ್, ಗಡಸು ಜುಂಕಸ್

ಯೂರೋಪಿನ ಜೌಗು ಹುಲ್ಲುಗಾವಲುಗಳಲ್ಲಿ ಎಲೆಯೇ ಇಲ್ಲದಂತೆ ಕಾಣುವ, ನೆಟ್ಟಗೆ ನಿಂತ ಹಸಿರು ಕಡ್ಡಿಗಳ ಪೊದೆಗಳು ಸಾಮಾನ್ಯ. ಇವು ಜುಂಕೇಸೀ ಕುಟುಂಬದ ಜುಂಕಸ್ ಕುಲದ ಗಿಡಗಳು. ನಮ್ಮ ಕೆರೆಯಂಚಿನ ಜೇಕನ್ನು ನೆನಪಿಸಿದರೂ ಇವುಗಳ ಬಳಗ ಬೇರೆ. ಜೇಕಿನ ಕಾಂಡ ಸಾಮಾನ್ಯವಾಗಿ ಮುಮ್ಮೂಲೆಯದು, ಅದರ ಪುಟ್ಟ ಕಾಯಿಯಲ್ಲಿ ಒಂದೇ ಬೀಜ. ಜುಂಕಸ್‌ನ ಬೀಜಕೋಶವಾದರೋ ಮೂರು ಹೋಳಾಗಿ ಬಿರಿದು ಲೆಕ್ಕವಿಲ್ಲದಷ್ಟು ಸಣ್ಣ ಬೀಜಗಳನ್ನು ಉದುರಿಸುತ್ತದೆ. ಈ ಕುಲದ ಜುಂಕಸ್ ಎಫ್ಯೂಸಸ್ ಮತ್ತು ಜುಂಕಸ್ ಇನ್‌ಫ್ಲೆಕ್ಸಸ್ ಪ್ರಭೇದಗಳಿಗೆ ಲಿನೇಯಸ್ 1753ರಲ್ಲೇ ಬೇರೆ ಬೇರೆ ಹೆಸರಿಟ್ಟ. ಮೊದಲನೆಯದು ಮೆದು, ಎರಡನೆಯದು ಗಡಸು.

ದೂರದಿಂದ ನೋಡಿದರೆ ಎರಡೂ ಒಂದೇ. ಎಲೆಗಳು ಬುಡದ ಒರೆಗಳಷ್ಟಕ್ಕೆ ಕುಗ್ಗಿವೆ. ಆಹಾರ ತಯಾರಿಕೆಯ ಕೆಲಸವೆಲ್ಲ ಕಾಂಡದ್ದೇ. ಹೂಗೊಂಚಲು ಕಡ್ಡಿಯ ಪಕ್ಕದಿಂದ ಒಡೆದು ಬಂದಂತೆ ತೋರುತ್ತದೆ. ಆದರೆ ಕಾಂಡ ಮುಗಿಯುವುದೇ ಅಲ್ಲಿ. ಅದರ ಮೇಲೆ ಚಾಚಿಕೊಂಡಿರುವುದು ಕಾಂಡದ ವೇಷ ತೊಟ್ಟ ಒಂದು ಎಲೆ.

ಹತ್ತಿರ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಎಫ್ಯೂಸಸ್ ಹೊಳಪಿನ ಹಸಿರು, ಮುಟ್ಟಿದರೆ ನುಣುಪು. ಇನ್‌ಫ್ಲೆಕ್ಸಸ್ ಬೂದಿ ಬೆರೆತ ನೀಲಿಹಸಿರು, ಹೊಳಪಿಲ್ಲ. ಅದರ ಮೈಮೇಲೆ ಹನ್ನೆರಡರಿಂದ ಇಪ್ಪತ್ತರಷ್ಟು ಉಬ್ಬಿದ ಏಣುಗಳಿದ್ದು, ಬೆರಳಲ್ಲಿ ಹೊರಳಿಸಿದರೆ ಒಂದೊಂದೂ ತಾಕುತ್ತದೆ. ಎಫ್ಯೂಸಸ್‌ನಲ್ಲಿ ಗೆರೆಗಳು ಇದಕ್ಕಿಂತ ಬಹಳ ಹೆಚ್ಚು, ಆದರೆ ತೀರಾ ಸಣ್ಣವು. ಕಾಂಡ ಒಣಗಿದ ಮೇಲಷ್ಟೇ ಸ್ಪಷ್ಟವಾಗುತ್ತವೆ. ಬುಡದ ಒರೆ ಎಫ್ಯೂಸಸ್‌ನಲ್ಲಿ ಕೆಂಗಂದು, ಇನ್‌ಫ್ಲೆಕ್ಸಸ್‌ನಲ್ಲಿ ಹೊಳೆಯುವ ಕಪ್ಪುಗಂದು. ಹೂಗೊಂಚಲು ಸಡಿಲವೋ ಬಿಗಿಯೋ ಎಂಬುದನ್ನು ನಂಬುವಂತಿಲ್ಲ, ಏಕೆಂದರೆ ಎಫ್ಯೂಸಸ್‌ನಲ್ಲೇ ಎರಡೂ ಬಗೆ ಉಂಟು.

ಅನುಮಾನ ತೀರಬೇಕಾದರೆ ಕಡ್ಡಿಯನ್ನು ಉಗುರಿನಿಂದ ಉದ್ದಕ್ಕೆ ಸೀಳಬೇಕು. ಎಫ್ಯೂಸಸ್‌ನ ಒಳಗೆ ಬಿಳಿಯ ತಿರುಳು ಎಲ್ಲೂ ತುಂಡಾಗದೆ ಸಾಗುತ್ತದೆ. ಇನ್‌ಫ್ಲೆಕ್ಸಸ್‌ನ ತಿರುಳು ಏಣಿಯ ಮೆಟ್ಟಿಲುಗಳಂತೆ ಬಿಟ್ಟು ಬಿಟ್ಟು ಇರುತ್ತದೆ, ನಡುನಡುವೆ ಖಾಲಿ ಜಾಗ. ಸೂಕ್ಷ್ಮದರ್ಶಕದಲ್ಲಿ ಎಫ್ಯೂಸಸ್‌ನ ತಿರುಳು ಇನ್ನೂ ಸೊಗಸು. ನಕ್ಷತ್ರಾಕಾರದ ಕೋಶಗಳು ತೋಳುಗಳ ತುದಿಯಲ್ಲಷ್ಟೇ ಒಂದನ್ನೊಂದು ಮುಟ್ಟಿಕೊಂಡು, ಉಳಿದ ಜಾಗವನ್ನೆಲ್ಲ ಗಾಳಿಗೆ ಬಿಟ್ಟಿರುತ್ತವೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಆಮ್ಲಜನಕ ಸಿಗದು. ಗಿಡದೊಳಗಿನ ಇಂಥ ಗಾಳಿಜಾಗಗಳ ಮೂಲಕವೇ ಅದು ಕೆಳಕ್ಕಿಳಿಯಬೇಕು.

ಈ ಅಖಂಡ ತಿರುಳೇ ಎಫ್ಯೂಸಸ್ಸನ್ನು ಮನೆಬಳಕೆಗೆ ತಂದದ್ದು. ಇಂಗ್ಲೆಂಡಿನ ಬಡವರು ಅದರ ಸಿಪ್ಪೆಯನ್ನು ಒಂದೇ ಒಂದು ಎಳೆ ಉಳಿಸಿ ಸುಲಿದು, ಒಣಗಿಸಿ, ಕಾಯಿಸಿದ ಕೊಬ್ಬಿನಲ್ಲಿ ಅದ್ದಿ ದೀಪ ಮಾಡಿಕೊಳ್ಳುತ್ತಿದ್ದರು. ಸೆಲ್‌ಬೋರ್ನ್ ಊರಿನ ಗಿಲ್ಬರ್ಟ್ ವೈಟ್ 1789ರ ತಮ್ಮ ಪುಸ್ತಕದಲ್ಲಿ ಇಂಥ ದೀಪದ ಲೆಕ್ಕ ಕೊಟ್ಟಿದ್ದಾರೆ: ಸುಮಾರು 72 ಸೆಂಟಿಮೀಟರ್ ಉದ್ದದ ಒಂದು ಕಡ್ಡಿ 57 ನಿಮಿಷ ಉರಿದಿತ್ತು. ಚೀನಾದಲ್ಲೂ ಈ ತಿರುಳು ದೀಪದ ಬತ್ತಿಯಾಗಿತ್ತು. ಜಪಾನಿನ ಚಾಪೆಗಾದರೆ ತಿರುಳಷ್ಟೇ ಸಾಲದು, ಇಡೀ ಕಾಂಡವೇ ಬೇಕು. ತತಾಮಿ ಚಾಪೆಯ ಮೇಲ್ಮೈ ನೇಯುವುದು ಎಫ್ಯೂಸಸ್‌ನ ಅತಿ ಹತ್ತಿರದ ಬಂಧುವಿನಿಂದ, ಅದನ್ನು ಕುಮಾಮೊಟೊ ಪ್ರಾಂತ್ಯದ ಗದ್ದೆಗಳಲ್ಲಿ ಬೆಳೆಯುತ್ತಾರೆ. ತುಂಡು ತುಂಡಾದ ತಿರುಳಿನ ಇನ್‌ಫ್ಲೆಕ್ಸಸ್ ಬತ್ತಿಯಾಗದು. ಅದರ ಗಟ್ಟಿ ನಾರು ಏನಿದ್ದರೂ ಕಟ್ಟುವುದಕ್ಕೆ, ಹೆಣೆಯುವುದಕ್ಕೆ.

ಎರಡರ ಹೂವಿನಲ್ಲೂ ಆರು ಕಂದು ದಳ, ಮೂರು ಶಲಾಕಾಗ್ರ. ಪರಾಗ ಸಾಗಿಸುವುದು ಗಾಳಿ. ವ್ಯತ್ಯಾಸ ಕೇಸರಗಳಲ್ಲಿದೆ: ಎಫ್ಯೂಸಸ್‌ನಲ್ಲಿ ಸಾಮಾನ್ಯವಾಗಿ ಮೂರು, ಇನ್‌ಫ್ಲೆಕ್ಸಸ್‌ನಲ್ಲಿ ಆರು. ಬೀಜಕೋಶದ ನೆತ್ತಿ ಎಫ್ಯೂಸಸ್‌ನಲ್ಲಿ ಒಳಕ್ಕೆ ತಗ್ಗಿದ್ದರೆ, ಇನ್‌ಫ್ಲೆಕ್ಸಸ್‌ನಲ್ಲಿ ಚಿಕ್ಕ ಮೊನೆಯಾಗಿ ಮುಗಿಯುತ್ತದೆ.

ನೆಲದ ಆಯ್ಕೆಯೂ ಒಂದು ಸುಳಿವು. ಎಫ್ಯೂಸಸ್‌ಗೆ ಆಮ್ಲೀಯ ಜೌಗು ಹಿತ. ಇನ್‌ಫ್ಲೆಕ್ಸಸ್ ಸುಣ್ಣದಂಶವಿರುವ ಜಿಗುಟು ಜೇಡಿಯನ್ನು ಬಯಸುತ್ತದೆ. ದನಗಳು ಎರಡನ್ನೂ ಅಷ್ಟಾಗಿ ಮೇಯುವುದಿಲ್ಲ. ಎಫ್ಯೂಸಸ್‌ನ ಬೀಜಗಳಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು, ನೆಲ ಕೆದರಿದೊಡನೆ ಮೊಳೆಯುತ್ತವೆ. ಹುಲ್ಲುಗಾವಲಿನ ಒಡೆಯರು ಅದನ್ನು ಕಳೆಯೆಂದೇ ಎಣಿಸುತ್ತಾರೆ.

ಎರಡೂ ಕೂಡಿ ಬೆಳೆದ ಕಡೆ ಕೆಲವೊಮ್ಮೆ ಜುಂಕಸ್ ಡಿಫ್ಯೂಸಸ್ ಎಂಬ ಮಿಶ್ರತಳಿ ಹುಟ್ಟುತ್ತದೆ. ಏಣುಗಳಲ್ಲಿ ಅದು ಎರಡಕ್ಕೂ ನಡುವಿನದು. ತಿರುಳು ಅಖಂಡವಾಗಿರುವುದರಿಂದ ಸೀಳಿ ನೋಡಿದವರು ಎಫ್ಯೂಸಸ್ ಎಂದುಕೊಳ್ಳುವುದೂ ಉಂಟು. ಆಗ ಮಾಗಿದ ಬೀಜಕೋಶವನ್ನು ಬಿಡಿಸಬೇಕು. ಮಿಶ್ರತಳಿಯಾದರೆ ಅದರಲ್ಲಿ ಬಲಿತ ಬೀಜ ಸಿಗುವುದು ಕಡಿಮೆ.