ಮೆಣಸು ಇಳಿದು ಬಂದ ಹೊಳೆಗಳು

ಉತ್ತರ ಕನ್ನಡದ ಕರಾವಳಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಗೋಕರ್ಣ, ಮುರುಡೇಶ್ವರ ನೋಡುತ್ತಾರೆ. ನಡುವೆ ಹೊತ್ತು ಉಳಿದರೆ ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯಲ್ಲಿ ಇಳಿದು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಮಳೆಗಾಲದಲ್ಲಿ ಗೋಡೆಗಳಿಗೆಲ್ಲ ಪಾಚಿ, ಹುಲ್ಲು ಹಬ್ಬಿ ಕೋಟೆ ಹಸಿರಾಗಿರುವಾಗ ಕಣ್ಣಿಗೆ ಹಬ್ಬವೇ. ಆದರೆ ಈ ಕೋಟೆ ಏನನ್ನು ಕಾಯಲು ಎದ್ದಿತು ಎಂಬುದು ಕೋಟೆಯೊಳಗೆ ನಿಂತರೆ ತಿಳಿಯುವುದಿಲ್ಲ. ಅದಕ್ಕೆ ಹೊಳೆ ಹಿಡಿದು ಘಟ್ಟದ ಬುಡದವರೆಗೆ ಹೋಗಬೇಕು. ಗೇರುಸೊಪ್ಪೆ, ಹಾಡುವಳ್ಳಿ, ಭಟ್ಕಳ, ಮಿರ್ಜಾನ್ ಇವನ್ನೆಲ್ಲ ಒಂದಕ್ಕೊಂದು ಬೆಸೆದದ್ದು ಕಾಳುಮೆಣಸಿನ ವ್ಯಾಪಾರ. ನೋಡುವುದಾದರೆ ಆ ಮೆಣಸಿನ ಹಾದಿಯಲ್ಲೇ ನೋಡಬೇಕು.

ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿ.ಮೀ. ಒಳಗೆ ಹೋದರೆ ಗೇರುಸೊಪ್ಪೆ. ಇದರ ಹತ್ತಿರದ ನಗರಬಸ್ತಿಕೇರಿಯೇ ಹಳೆಯ ರಾಜಧಾನಿ ನಗಿರೆ. ಈಗ ಅಲ್ಲಿರುವುದು ಕಾಡು. ಮರಗಳ ನಡುವಿನ ದಾರಿಯಲ್ಲಿ ನಡೆದು ಹೋದಾಗ ಚತುರ್ಮುಖ ಬಸದಿ ಎದುರಾಗುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಬಂದವರಿಗೂ ಒಬ್ಬ ತೀರ್ಥಂಕರ ಎದುರಿಗೇ ಕಾಣಬೇಕು ಎಂಬುದು ಈ ಬಗೆಯ ಕಟ್ಟಡದ ಲೆಕ್ಕ. ಮೇಲೆ ಶಿಖರವಿಲ್ಲ, ಸುತ್ತ ಊರಿಲ್ಲ. ಕಾರ್ಕಳದ ಚತುರ್ಮುಖ ಬಸದಿ ಬಂಡೆಯ ಮೇಲೆ ಕುಳಿತು ದೂರದಿಂದಲೇ ಕರೆಯುತ್ತದೆ. ಇಲ್ಲಿನದು ಹುಡುಕಿಕೊಂಡು ಬಂದವರಿಗಷ್ಟೇ ಕಾಣುತ್ತದೆ. ನನಗೆ ಎರಡರಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಆಸುಪಾಸಿನ ಇತರ ಬಸದಿಗಳನ್ನೂ ಅವಸರವಿಲ್ಲದೆ ನೋಡಬೇಕು. ಇಂಥ ಕಲ್ಲಿನ ಕೆಲಸ ಮಾಡಿಸುವಷ್ಟು ಹಣ ಈ ಕಾಡಂಚಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ಬಂದದ್ದು ಬಳ್ಳಿಯಿಂದ. ಘಟ್ಟದ ಇಳಿಜಾರಿನ ತೇವ, ನೆರಳು, ಜೋರು ಮಳೆ ಇವು ಮೆಣಸಿನ ಬಳ್ಳಿಗೆ ಬೇಕಾದ ಹದ. ಮಳೆಗಾಲದಲ್ಲಿ ಕರೆ ಬಿಟ್ಟು ಕಾಳು ಕಟ್ಟುವ ಬಳ್ಳಿ, ಬಿಸಿಲು ಏರುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅಂಗಳದಲ್ಲಿ ಒಣಗಿ ಕಪ್ಪಾದ ಕಾಳು ದೋಣಿ ಏರಿ ಹೊಳೆಯಲ್ಲಿ ಕೆಳಗಿಳಿದು ಅಳಿವೆ ತಲುಪಬೇಕು, ಅಲ್ಲಿಂದ ಹಾಯಿ ಹಡಗಿಗೆ ಏರಬೇಕು. ಮುಂಗಾರು ಶುರುವಾದರೆ ಕಡಲು ಮುಚ್ಚಿದಂತೆಯೇ. ಆದ್ದರಿಂದ ಹೊಳೆ ಮತ್ತು ಬಂದರು ಎರಡೂ ಯಾರ ಕೈಯಲ್ಲಿವೆಯೋ ಅವರೇ ಬೆಲೆ ಹೇಳುವವರು.

16ನೇ ಶತಮಾನದ ಉತ್ತರಾರ್ಧದಲ್ಲಿ ಅವು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿದ್ದವು. ಆಕೆಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಹೇಳುತ್ತಾರೆ. ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ, ಎಂದು ಕರೆದರು. ಹಾಗೆ ಕರೆದವರೇ 1569ರಲ್ಲಿ ಹೊನ್ನಾವರವನ್ನು ವಶಪಡಿಸಿಕೊಂಡರು. ಕೊನೆಗೆ ಆಕೆಯ ರಾಜ್ಯ ಬಿದ್ದದ್ದು ಮಾತ್ರ ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕನಿಂದ. ಗೋವೆಯಿಂದ ವೆಂಕಟಪ್ಪನ ಆಸ್ಥಾನವಿದ್ದ ಇಕ್ಕೇರಿಗೆ ಹೊರಟ ರಾಯಭಾರಿಯ ಜೊತೆಗೂಡಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಈ ಹೊಳೆಯಲ್ಲಿ ದೋಣಿಯೇರಿ ಬಂದ. ಶರಾವತಿಯ ಚೆಲುವನ್ನು ಮನಸಾರೆ ಹೊಗಳಿದ ಆತ ಗೇರುಸೊಪ್ಪೆಯಲ್ಲಿ ಕಂಡದ್ದು ಪಾಳುಬಿದ್ದ ಅರಮನೆ ಮತ್ತು ಅದರ ಮೇಲೆ ಬೆಳೆಯುತ್ತಿದ್ದ ಗಿಡಮರ. ಸೋತ ರಾಣಿಯ ಕುರಿತು ಹಬ್ಬಿದ್ದ ಪ್ರೇಮದ ಕತೆಯನ್ನೂ ಆತ ಬರೆದಿಟ್ಟ. ಅರ್ಧ ಶತಮಾನ ನಾಡಾಳಿದವಳ ಪತನಕ್ಕೆ ಅಂಥ ಕಾರಣ ಹುಡುಕುವುದು ಆಕೆಗೆ ಮಾಡುವ ಅನ್ಯಾಯವೆಂದೇ ನನ್ನ ಅನಿಸಿಕೆ.

ಭಟ್ಕಳದಲ್ಲಿ ಇದೇ ಸಿರಿಯ ಬೇರೊಂದು ಮುಖ ಇದೆ. ವಿಜಯನಗರಕ್ಕೆ ಬೇಕಾದ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹೊರಗೆ ಹೋಗುತ್ತಿದ್ದವು. ಮೂಡಭಟ್ಕಳದ ಕೇತಪೈ ನಾರಾಯಣ ದೇವಾಲಯವನ್ನು ನೋಡದೆ ಈ ಹಾದಿ ಪೂರ್ತಿಯಾಗದು. ದೇವಾಲಯ ಚಿಕ್ಕದು, ಕಪ್ಪು ಕಲ್ಲಿನದು. ಅದರ ಸೂರನ್ನು ಗಮನಿಸಿ. ಮರದ ಮನೆಗೆ ಮಾಡು ಇಳಿಸುವ ಹಾಗೆ ಇಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ವರ್ಷಕ್ಕೆ ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಸೀಮೆಯಲ್ಲಿ ಬಡಗಿಯ ಬುದ್ಧಿಯನ್ನು ಕಲ್ಲುಕುಟಿಗ ಕಲಿತುಕೊಂಡ ಪರಿ ಇದು. ಹೊರಗೋಡೆಯ ಮೇಲೆ ರಾಮಾಯಣದ, ಕೃಷ್ಣನ ಬಾಲಲೀಲೆಯ ಕಿರು ಉಬ್ಬುಚಿತ್ರಗಳಿವೆ. ಹತ್ತಿರ ಹೋಗಿ ಬಗ್ಗಿ ನೋಡಬೇಕು. ಪೇಟೆಯ ಬದಿಗೆ ಬಂದರೆ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ, ಅದರ ಮುಂದೆ ಮಾನಸ್ತಂಭ.

ಭಟ್ಕಳದಿಂದ ಒಳನಾಡಿಗೆ ಹೊರಳಿದರೆ ಹಾಡುವಳ್ಳಿ. ಇದಕ್ಕೆ ಸಂಗೀತಪುರ ಎಂಬ ಹೆಸರೂ ಇತ್ತು. 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿಕೊಟ್ಟ ‘ಕರ್ಣಾಟಕ ಶಬ್ದಾನುಶಾಸನ’ದ ಭಟ್ಟಾಕಳಂಕ ಇಲ್ಲಿನ ಜೈನ ಮಠದ ಪರಂಪರೆಯವರು. ಮೆಣಸಿನ ಹಣ ಬಸದಿಗಳನ್ನಷ್ಟೇ ಅಲ್ಲ, ನಮ್ಮ ನುಡಿಯ ಓದುಬರಹವನ್ನೂ ಸಾಕಿತು ಎಂಬುದು ಕನ್ನಡಿಗರಾದ ನಮಗೆ ನೆನಪಿರಬೇಕಾದ ಮಾತು. ಇಲ್ಲಿನ ಬಸದಿಯಲ್ಲಿ ಸಾಲಾಗಿ ನಿಂತ ಇಪ್ಪತ್ನಾಲ್ಕು ತೀರ್ಥಂಕರರ ಮೂರ್ತಿಗಳಿವೆ.

ಇಷ್ಟೂ ನೋಡಿದ ಮೇಲೆ ಮಿರ್ಜಾನಿಗೆ ಬನ್ನಿ. ಸುಮಾರು 10 ಎಕರೆಯಲ್ಲಿ ಹರಡಿದ ಚಿರೇಕಲ್ಲಿನ ಕೋಟೆ, ಇಮ್ಮಡಿ ಗೋಡೆ, ಕೊತ್ತಲಗಳು, ಕಂದಕ, ಆಳದ ಬಾವಿಗಳು. ಕಟ್ಟಿಸಿದ್ದು ಚೆನ್ನಭೈರಾದೇವಿ ಎಂದು ಜನ ನಂಬುತ್ತಾರೆ, ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕ್ ಎನ್ನುವ ಮಾತೂ ಇದೆ. 2000–2001ರ ಉತ್ಖನನದಲ್ಲಿ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನಾದ ಪಿಂಗಾಣಿಯ ಚೂರುಗಳು, ಗುಂಡುಗಳು ಸಿಕ್ಕಿವೆ. ಅಘನಾಶಿನಿಯ ನೀರಿನಿಂದ ಇಷ್ಟು ಹತ್ತಿರದಲ್ಲಿ ಕೋಟೆ ಯಾಕೆ ಬೇಕಾಯಿತು ಎಂಬುದನ್ನು ಈಗ ಯಾರೂ ವಿವರಿಸಬೇಕಿಲ್ಲ. ಈ ನಾಲ್ಕೂ ಊರುಗಳಲ್ಲಿ ಒಂದೇ ನಕ್ಷೆಯ ಫಲಕ ನಿಲ್ಲಿಸಿ, ಹೊಳೆ, ಘಟ್ಟ, ಬಂದರುಗಳನ್ನು ಗೆರೆ ಎಳೆದು ತೋರಿಸಿದರೆ ಶಾಲೆಯ ಮಕ್ಕಳಿಗೂ ಎಲ್ಲ ಅರ್ಥವಾದೀತು. ದೊಡ್ಡ ಖರ್ಚಿನ ಕೆಲಸವೇನಲ್ಲ, ಆಗಲೇಬೇಕಾದ ಕೆಲಸ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಯಲ್ಲಿ ನಗರಬಸ್ತಿಕೇರಿಯ ದಾರಿ ಉಂಬಳಗಳದು. ಒಂದು ದಿನ ಹೆಚ್ಚಿಗೆ ಇದ್ದವರು ಗೇರುಸೊಪ್ಪೆಯಿಂದ ಹಿಂದಿರುಗದೆ, ದೆಲ್ಲಾ ವಾಲ್ಲೆ ಹೋದಂತೆ ಘಟ್ಟ ಹತ್ತಲಿ. ಸಾಗರದ ಹತ್ತಿರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯವಿದೆ. ಕೆಳದಿಯಲ್ಲಿ ವಿದ್ವಾಂಸ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯವಿದ್ದು, ತಾಳೆಗರಿ, ಕಡತ, ನಾಣ್ಯಗಳ ರೂಪದಲ್ಲಿ ನಾಯಕರ ಕಾಲದ ದಾಖಲೆಗಳನ್ನು ಅಲ್ಲಿ ನೋಡಬಹುದು.