ಟ್ರಾಲಿ ಏರಿದ ಟ್ರಾಕ್ಟರು

ಹೈದರಾಬಾದಿನಿಂದ ಹೊರಟು ಜಹೀರಾಬಾದನ್ನು ಹಾದು ಹುಮನಾಬಾದಿನ ಮೇಲೆ ಸೊಲ್ಲಾಪುರದ ಕಡೆಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವವನಿಗೆ, ಭಾರವನ್ನು ಹೊರುವ ಮತ್ತು ಎಳೆಯುವ ವಿದ್ಯೆಯ ನಾನಾ ರೂಪಗಳು ಒಂದಾದ ಮೇಲೊಂದರಂತೆ ಕಾಣಸಿಗುತ್ತವೆ. ಮೈತುಂಬ ಕಬ್ಬನ್ನು ಹೇರಿಕೊಂಡು ತೂಗಾಡುತ್ತ ಬರುವ ಟ್ರಾಲಿಗಳು ಒಂದು ಕಡೆ. 2013ರಲ್ಲಿ ಜಹೀರಾಬಾದಿನಲ್ಲಿ ಆರಂಭವಾದ ಮಹೀಂದ್ರಾ ಕಾರ್ಖಾನೆಯಿಂದ ಲಾರಿಯೇರಿ ದೂರದ ಊರುಗಳಿಗೆ ಹೊರಟ ಹೊಸ ಟ್ರಾಕ್ಟರುಗಳು ಇನ್ನೊಂದು ಕಡೆ. ದಕ್ಷಿಣಕ್ಕೆ ತಾಂಡೂರಿನತ್ತ ತಿರುಗಿದರೆ ನೀಲಿ ಛಾಯೆಯ ಹಾಸುಗಲ್ಲಿನ ಹೇರು, ಉತ್ತರಕ್ಕೆ ನಾರಾಯಣಖೇಡದತ್ತ ಹೋದರೆ ಎರೆಮಣ್ಣು ಮೆತ್ತಿದ ಗಾಲಿಗಳು. 1956ರ ನವೆಂಬರಿನ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದು ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದುವು. ಇಂದು ಅವು ತೆಲಂಗಾಣದವಾದರೂ ಅಲ್ಲಿಯ ಅನೇಕ ಮನೆಗಳಲ್ಲಿ ಕನ್ನಡ ಉಳಿದಿದೆ.

ಹೊಲದಲ್ಲಿ ಹಳ್ಳದಲ್ಲಿ ತಾನೇ ನಡೆಯಬಲ್ಲ ಟ್ರಾಕ್ಟರನ್ನಾಗಲಿ ಜೀಪನ್ನಾಗಲಿ ಇನ್ನೊಂದು ವಾಹನದ ಬೆನ್ನ ಮೇಲೆ ಏಕೆ ಕೊಂಡೊಯ್ಯಬೇಕೆಂದು ಕೇಳಬಹುದು. ಮಣ್ಣನ್ನು ಕಚ್ಚಲೆಂದು ಮಾಡಿದ ದಪ್ಪ ಹಲ್ಲಿನ ಟೈರು ಡಾಂಬರಿನ ಮೇಲೆ ಬೇಗನೆ ಸವೆಯುತ್ತದೆ. ವೇಗ ಕಡಿಮೆಯಾದುದರಿಂದ ಹೆದ್ದಾರಿಯಲ್ಲಿ ಅದು ತನಗೂ ಪರರಿಗೂ ಅಪಾಯ. ಕೆಟ್ಟು ನಿಂತದ್ದಂತೂ ಹೊತ್ತೇ ಹೋಗಬೇಕು. ಇಷ್ಟು ಉತ್ತರ ಸಾಕು. ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ ಬೇರೆಯದು: ಎಂಥ ಟ್ರಾಲಿ, ಮತ್ತು ಅದರ ಮೇಲೆ ಎಲ್ಲಿ?

ಟ್ರಾಲಿ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಟನ್ನು ತಡೆಯುತ್ತದೆಂಬುದನ್ನು. ಕೇಳಬೇಕಾದ ಮಾತೇ ಅದು; ಆದರೆ ಅಚ್ಚು ಎಲ್ಲಿದೆ, ಅಚ್ಚಿನಿಂದ ಮುಂದಕ್ಕೆ ಹಲಗೆ ಎಷ್ಟು ಉದ್ದವಿದೆ ಎಂಬುದನ್ನು ಅದಕ್ಕೂ ಮೊದಲು ಕೇಳಬೇಕೆಂದು ನನ್ನ ಅಭಿಪ್ರಾಯ. ಎತ್ತಿನ ಬಂಡಿ ಹೊಡೆದ ಹಿರಿಯರಿಗೆ ಇದು ತಿಳಿಯದ ಸಂಗತಿಯಲ್ಲ. ಹೇರು ಮುಂದಕ್ಕೆ ಬಿದ್ದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆದಕಾರಣ ಅವರು ಹೇರನ್ನು ತುಸು ಮುಂಭಾರವಾಗಿಯೇ ಇಡುತ್ತಿದ್ದರು. ಎರಡು ಗಾಲಿಯ ಟ್ರಾಲಿಗೂ ಇದೇ ನ್ಯಾಯ. ಹಗುರವಾದ ಟ್ರಾಲಿಗಳಲ್ಲಿ ಒಟ್ಟು ಭಾರದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕೆಂಬುದು ಕೆಲವು ದೇಶಗಳಲ್ಲಿ ರೂಢಿಯಲ್ಲಿರುವ ಲೆಕ್ಕ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. 700 ಕಿಲೋಗ್ರಾಂ ತೂಕದ ಬರಿಯ ಟ್ರಾಲಿಯೊಂದು ಕೊಂಡಿಯ ಮೇಲೆ 60 ಕಿಲೋಗ್ರಾಂ ಭಾರ ಹಾಕುತ್ತದೆ, ಕೊಂಡಿಯಿಂದ ಅಚ್ಚಿಗೆ 4 ಮೀಟರು ದೂರವಿದೆ, ಅದರ ಮೇಲೆ 1,600 ಕಿಲೋಗ್ರಾಮಿನ ಜೀಪನ್ನು ಏರಿಸಿದ್ದೇವೆ ಎನ್ನೋಣ. ಜೀಪಿನ ಗುರುತ್ವಕೇಂದ್ರ ಅಚ್ಚಿಗಿಂತ 42 ಸೆಂಟಿಮೀಟರು ಮುಂದಿದ್ದರೆ ಕೊಂಡಿಯ ಮೇಲೆ ಒಟ್ಟು ಸುಮಾರು 230 ಕಿಲೋಗ್ರಾಂ ಬೀಳುತ್ತದೆ. ಇದು ಒಟ್ಟು ಭಾರದ ಹತ್ತನೆಯ ಒಂದು ಪಾಲು. ಅದೇ ಜೀಪನ್ನು ಎರಡೇ ಅಡಿ ಹಿಂದಕ್ಕೆ ಸರಿಸಿದರೆ ಕೊಂಡಿಯ ಭಾರ ಪೂರ್ತಿ ಮಾಯವಾಗಿ, ಮಿಗಿಲಾಗಿ ಅದನ್ನು ಮೇಲಕ್ಕೆತ್ತುವ ಬಲವೇ ಹುಟ್ಟುತ್ತದೆ. ಟ್ರಾಲಿ ಅದೇ, ಜೀಪು ಅದೇ, ತೂಕದ ಕಾಟಾದ ಮೇಲೆ ಅಂಕಿಯೂ ಅದೇ. ಎರಡು ಅಡಿಗಳಲ್ಲಿ ಕ್ಷೇಮವು ಅಪಾಯವಾಗಿ ಮಾರ್ಪಟ್ಟಿತು.

ಅಪಾಯದ ಸ್ವರೂಪವೇನೆಂದರೆ, ಟ್ರಾಲಿಯು ಕೊಂಡಿಯನ್ನು ಕೀಲಾಗಿ ಮಾಡಿಕೊಂಡು ಎಡಬಲಕ್ಕೆ ತೂಗುವುದಕ್ಕೆ ಸ್ವತಂತ್ರವಾಗಿದೆ. ಗಾಳಿಯ ಹೊಡೆತದಿಂದಲೋ ಪಕ್ಕದಲ್ಲಿ ಹಾದ ಬಸ್ಸಿನಿಂದಲೋ ಅದು ಸ್ವಲ್ಪ ಓರೆಯಾದಾಗ, ಟೈರುಗಳ ಹಿಡಿತ ಅದನ್ನು ಮತ್ತೆ ನೇರಕ್ಕೆ ತರಲು ಯತ್ನಿಸುತ್ತದೆ. ಭಾರವು ಅಚ್ಚಿನ ಹಿಂದೆ ಇದ್ದರೆ ಆ ಭಾರದ ಜಡತ್ವವು ಬಾಲವನ್ನು ಇನ್ನಷ್ಟು ದೂರ ಬೀಸುತ್ತದೆ. ಕಡಿಮೆ ವೇಗದಲ್ಲಿ ಈ ತೂಗಾಟ ತಾನೇ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗುವ ಶಕ್ತಿ ಕುಗ್ಗುತ್ತ ಹೋಗಿ, ಒಂದು ಮಿತಿಯನ್ನು ದಾಟಿದೊಡನೆ ಪ್ರತಿಯೊಂದು ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಆಗ ಚಾಲಕನು ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಿ ಸರಿಪಡಿಸಲು ಹೋದರೆ, ಮನುಷ್ಯನ ಕೈ ಎಂದಿಗೂ ತುಸು ತಡವಾಗಿಯೇ ಚಲಿಸುವುದರಿಂದ, ಅವನ ತಿದ್ದುಪಡಿ ತೂಗಾಟಕ್ಕೆ ಮತ್ತೊಂದು ನೂಕಾಗಿ ಪರಿಣಮಿಸುತ್ತದೆ. ಸ್ಟೇರಿಂಗನ್ನು ನೇರವಾಗಿ ಹಿಡಿದು, ಎಕ್ಸಲರೇಟರಿನಿಂದ ಕಾಲೆತ್ತಿ, ವೇಗ ತಾನಾಗಿ ಇಳಿಯಗೊಡುವುದೇ ಉಪಾಯ.

ಇಲ್ಲಿ ಜೀಪಿಗೂ ಟ್ರಾಕ್ಟರಿಗೂ ಒಂದು ಭೇದವಿದೆ. ಅದನ್ನು ಗಮನಿಸದೆ ಎರಡನ್ನೂ ಒಂದೇ ರೀತಿಯಾಗಿ ಹತ್ತಿಸುವುದನ್ನು ಕಾಣುತ್ತೇವೆ. ಜೀಪಿನ ಎಂಜಿನ್ ಮುಂದಿರುವುದರಿಂದ ಮುಖ ಮುಂದಾಗಿ ಹತ್ತಿಸಿದರೆ ಭಾರ ಕೊಂಡಿಯ ಕಡೆಗೆ ಬರುತ್ತದೆ. ಟ್ರಾಕ್ಟರಿನ ಎಂಜಿನ್ನೂ ಮುಂದೆಯೇ ಇದ್ದರೂ, ದೊಡ್ಡ ಗಾಲಿ, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಇವುಗಳ ಕಾರಣದಿಂದ ಸುಮಾರು ಐದರಲ್ಲಿ ಮೂರು ಪಾಲು ತೂಕ ಹಿಂಗಾಲಿಗಳ ಮೇಲಿರುತ್ತದೆ. ಮುಖ ಮುಂದಾಗಿ ಹತ್ತಿಸಿದರೆ ಭಾರವೆಲ್ಲ ಟ್ರಾಲಿಯ ಬಾಲಕ್ಕೆ ಬೀಳುವ ಸಂಭವ ಹೆಚ್ಚು. ಅಲ್ಲದೆ ಕಡಿದಾದ ಏರು ಹಲಗೆಯ ಮೇಲೆ ಟ್ರಾಕ್ಟರು ಮುಮ್ಮುಖವಾಗಿ ಏರುವಾಗ, ಹಿಂಗಾಲಿಗಳನ್ನು ತಿರುಗಿಸುವ ಬಲವೇ ಮೂತಿಯನ್ನು ಮೇಲಕ್ಕೆತ್ತಿ ಇಡೀ ಯಂತ್ರವನ್ನು ಹಿಂದಕ್ಕೆ ಮಗುಚಬಲ್ಲುದು. ಹಿಮ್ಮುಖವಾಗಿ, ಅತ್ಯಂತ ಕೆಳಗಿನ ಗೇರಿನಲ್ಲಿ ಹತ್ತಿಸಿದರೆ ಈ ಎರಡು ತೊಡಕುಗಳೂ ಒಟ್ಟಿಗೆ ಪರಿಹಾರವಾಗುತ್ತವೆ. ಹತ್ತಿಸುವ ಆ ಕೆಲವು ಕ್ಷಣಗಳಲ್ಲಿ ಭಾರವೆಲ್ಲ ಅಚ್ಚಿನ ಹಿಂದೆಯೇ ಇರುವುದರಿಂದ, ಟ್ರಾಲಿಯ ಕೊಂಡಿ ಎಳೆಯುವ ವಾಹನಕ್ಕೆ ಸಿಕ್ಕಿಯೇ ಇರಬೇಕು, ಬಾಲದ ಕೆಳಗೆ ಗಟ್ಟಿಯಾದ ಆಸರೆಯೂ ಇರಬೇಕು.

ತಾಂಡೂರಿನ ಕಲ್ಲು ಹೇರುವ ಟ್ರಾಲಿಯನ್ನೇ ಈ ಕೆಲಸಕ್ಕೂ ಬಳಸುವವರುಂಟು. ಆ ಸುಣ್ಣಕಲ್ಲು ಘನಮೀಟರಿಗೆ ಎರಡೂವರೆ ಟನ್ನಿಗೂ ಮಿಕ್ಕಿ ತೂಗುವುದರಿಂದ ಟ್ರಾಲಿಯ ಬಲ ಸಾಮಾನ್ಯವಾಗಿ ಸಾಲುತ್ತದೆ. ಆದರೆ ಕಲ್ಲು ತಗ್ಗಾಗಿ ಕೂರುವ ಹೇರು, ಟ್ರಾಕ್ಟರು ಎತ್ತರದ ಹೇರು, ತಿರುವಿನಲ್ಲಿ ಎರಡರ ನಡತೆ ಒಂದಲ್ಲ. ಉಕ್ಕಿನ ತಳದ ಮೇಲೆ ಉಳಿದ ಕಲ್ಲಿನ ಪುಡಿಯಂತೂ ಟೈರಿನ ಹಿಡಿತವನ್ನು ಕಸಿಯುತ್ತದೆ. ಗುಡಿಸಿ ತೊಳೆಯುವುದು ಕಷ್ಟದ ಕೆಲಸವೇನಲ್ಲ, ಆದರೂ ಯಾರೂ ಮಾಡುವುದಿಲ್ಲ.

ಹಿಡಿತದ ಮಾತು ಬಂದುದರಿಂದ ಕಟ್ಟುವ ಶಾಸ್ತ್ರಕ್ಕೆ ಬರೋಣ. ಗಟ್ಟಿಯಾಗಿ ಬ್ರೇಕು ಹಾಕಿದಾಗ ಹೇರು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ಪಕ್ಕಕ್ಕೂ ಹಿಂದಕ್ಕೂ ಐದು ಪಾಲಿನಷ್ಟು ಎಂದು ಇಟ್ಟುಕೊಂಡು ಹಲವು ದೇಶಗಳ ನಿಯಮಗಳು ರಚಿತವಾಗಿವೆ. 2,000 ಕಿಲೋಗ್ರಾಮಿನ ಟ್ರಾಕ್ಟರಿಗೆ ಈ ನುಗ್ಗು 1,600 ಕಿಲೋಗ್ರಾಂ ಭಾರಕ್ಕೆ ಸಮ. ಹ್ಯಾಂಡ್‌ಬ್ರೇಕು ಹಾಕಿದ ಒಣ ಟೈರು ಒಣ ಹಲಗೆಯ ಮೇಲೆ ಸುಮಾರು ಅರ್ಧ ತೂಕವನ್ನು, ಅಂದರೆ 1,000 ಕಿಲೋಗ್ರಾಮನ್ನು, ಘರ್ಷಣೆಯಿಂದಲೇ ತಡೆದರೆ ಕಟ್ಟಿನ ಪಾಲಿಗೆ ಉಳಿಯುವುದು 600. ನಾರಾಯಣಖೇಡದ ಕಡೆಯ ಮಳೆಗಾಲದ ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಘರ್ಷಣೆ ತೂಕದ ಐದನೆಯ ಒಂದು ಪಾಲಿಗೆ ಇಳಿದರೆ ಕಟ್ಟಿನ ಹೊರೆ 1,200ಕ್ಕೆ ಏರುತ್ತದೆ. ಹತ್ತಿಸುವ ಮೊದಲು ಒಂದು ಕೊಡ ನೀರಿನಿಂದ ಗಾಲಿ ತೊಳೆದು ಒಣಗಲು ಬಿಟ್ಟವನು ಹಗ್ಗದ ಕೆಲಸವನ್ನು ಅರ್ಧಕ್ಕೆ ಇಳಿಸುತ್ತಾನೆ.

ಹಗ್ಗವನ್ನು ವಾಹನದ ನೆತ್ತಿಯ ಮೇಲಿಂದ ಈ ಬದಿಯಿಂದ ಆ ಬದಿಗೆ ಎಸೆದು ಬಿಗಿಯುವ ವಾಡಿಕೆ ನಮ್ಮಲ್ಲಿ ಬಹಳ. ನೇರವಾಗಿ ಕೆಳಕ್ಕೆ ಜಗ್ಗುವ ಹಗ್ಗ ಮುಂದಿನ ನುಗ್ಗನ್ನು ತಾನಾಗಿ ತಡೆಯದು. ವಾಹನವನ್ನು ಹಲಗೆಗೆ ಒತ್ತಿ ಘರ್ಷಣೆಯನ್ನಷ್ಟೆ ಹೆಚ್ಚಿಸುತ್ತದೆ. ಅದರ ಒಂದು ಬದಿಯಲ್ಲಿ 100 ಕಿಲೋಗ್ರಾಂ ಬಿಗಿತವಿದ್ದರೆ ಒಣ ಹಲಗೆಯಲ್ಲಿ ಆ ಬದಿಯಿಂದ ದೊರೆಯುವ ತಡೆ 50. ಅದೇ ಬಿಗಿತವನ್ನು 45 ಡಿಗ್ರಿಯ ಓರೆಯಲ್ಲಿ ಕೊಟ್ಟರೆ ನೇರ ಸೆಳೆತದಿಂದ 70, ಒತ್ತಿನ ಘರ್ಷಣೆಯಿಂದ 35, ಒಟ್ಟು ನೂರಕ್ಕೂ ಮೇಲು. ಆದ್ದರಿಂದ ನಾಲ್ಕು ಮೂಲೆಗೆ ನಾಲ್ಕು ಪ್ರತ್ಯೇಕ ಕಟ್ಟು, ಮುಂದಿನವು ಮುಂದಕ್ಕೆ ಹಿಂದಿನವು ಹಿಂದಕ್ಕೆ ಓರೆಯಾಗಿ. ಒಂದು ಸಡಿಲವಾದರೆ ಉಳಿದವು ಸಡಿಲವಾಗಬಾರದು.

ಕಟ್ಟನ್ನು ಎಲ್ಲಿಗೆ ಸಿಗಿಸಬೇಕೆಂಬುದೂ ಮುಖ್ಯ. ಜೀಪಿನ ಮೈಗೆ ಸಿಗಿಸಿದರೆ ಅದರ ಸ್ಪ್ರಿಂಗುಗಳು ಪ್ರತಿ ಗುಂಡಿಗೂ ಕುಗ್ಗುತ್ತವೆ, ಆ ಕ್ಷಣದಲ್ಲಿ ಹಗ್ಗ ಸಡಿಲವಾಗಿ ಕೊಕ್ಕೆ ಜಾರುತ್ತದೆ. ಅಚ್ಚಿಗೋ ಗಾಲಿಗೋ ಕಟ್ಟುವುದು ಲೇಸು. ಟ್ರಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗೇ ಇಲ್ಲ, ಆದರೆ ಕಡಿಮೆ ಗಾಳಿಯ ದಪ್ಪ ಟೈರುಗಳು ತಾವೇ ಪುಟಿಯುತ್ತವೆ. ಸರಪಳಿ ಬಲವಾದದ್ದು, ಆದರೆ ಹಿಗ್ಗದು, ಟೈರು ಕೂದಲೆಳೆಯಷ್ಟು ಕುಸಿದರೂ ಅದರ ಬಿಗಿತ ಹೋಗುತ್ತದೆ. ಪಾಲಿಯೆಸ್ಟರಿನ ಪಟ್ಟಿ ತುಸು ಹಿಗ್ಗಿದ್ದು ಮತ್ತೆ ಕುಗ್ಗಿ ಬಿಗಿತವನ್ನು ಉಳಿಸಿಕೊಳ್ಳುತ್ತದೆ. ನೈಲಾನು ಅತಿಯಾಗಿ ಹಿಗ್ಗುತ್ತದೆ. ಪಟ್ಟಿಯ ಮೇಲೆ ಮುದ್ರಿಸಿದ ಕೆಲಸದ ಮಿತಿಯನ್ನು ಹರಿಯುವ ಬಲದ ಮೂರನೆಯ ಒಂದು ಪಾಲಿನಷ್ಟೆಂದು ತಿಳಿಯಬಹುದು; ಹಗ್ಗಕ್ಕೆ ಗಂಟು ಹಾಕಿದರೆ ಅದರ ಬಲ ಅರ್ಧದವರೆಗೂ ಇಳಿಯಬಹುದು. ಟ್ರಾಕ್ಟರಿನ ಹಿಂದೆ ಮಣ್ಣು ಹುಡಿಮಾಡುವ ರೋಟಾವೇಟರು ಜೋಡಿಸಿದ್ದರೆ ಅದನ್ನು ಎತ್ತಿ ನಿಲ್ಲಿಸದೆ ಹಲಗೆಯ ಮೇಲೆ ಇಳಿಸಬೇಕು. ಗಾಲಿಗೆ ಮುಂದೆ ಹಿಂದೆ ಅಡ್ಡಮರ ಕೊಡಬೇಕು. ಎಳೆಯುವ ವಾಹನಕ್ಕೂ ಟ್ರಾಲಿಗೂ ನಡುವೆ ಪಿನ್ನಿನ ಜೊತೆಗೆ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದನ್ನೊಂದು ಅಡ್ಡ ಹಾಯುವಂತೆ ಹಾಕಿದರೆ, ಪಿನ್ನು ಕಳಚಿದರೂ ಮೂಕಿ ನೆಲಕ್ಕೆ ಕುಸಿಯದು.

ಹೊರಟು ಹತ್ತು ಕಿಲೋಮೀಟರು ಕಳೆಯುವುದರೊಳಗೆ ಒಮ್ಮೆ ನಿಲ್ಲಿಸಬೇಕು. ಆ ವೇಳೆಗೆ ಟೈರು ಕೂತಿರುತ್ತದೆ, ಪಟ್ಟಿಯ ಹೆಣಿಗೆ ಹಿಗ್ಗಿರುತ್ತದೆ, ಕಟ್ಟಿದಾಗಿನ ಬಿಗಿತದ ಒಂದಂಶ ಹೋಗಿರುತ್ತದೆ. ನಾಲ್ಕೂ ಕಟ್ಟುಗಳನ್ನು ಮತ್ತೆ ಬಿಗಿದು, ಟ್ರಾಲಿಯ ಪ್ರತಿಯೊಂದು ಗಾಲಿಯ ಗುಂಬದ ಹತ್ತಿರ ಅಂಗೈ ಒಡ್ಡಿ ನೋಡಬೇಕು: ಎಲ್ಲವೂ ಬೆಚ್ಚಗಿದ್ದು ಒಂದರ ಬಳಿ ಮಾತ್ರ ಕೈ ಇಡಲಾಗದಷ್ಟು ಝಳ ಹೊಡೆದರೆ, ಬೇರಿಂಗು ಕೆಟ್ಟಿದೆ ಅಥವಾ ಬ್ರೇಕು ಹಿಡಿದುಕೊಂಡಿದೆ, ಮೇಸ್ತ್ರಿ ಬರುವವರೆಗೆ ಆ ಟ್ರಾಲಿ ಮುಂದಕ್ಕೆ ಹೋಗಕೂಡದು.